ಫೋನ್ ಜಾಸ್ತಿ ಬಳಸದವರು ಪ್ರೀಪೇಯ್ಡ್ ಸ್ಮಾರ್ಟ್‌ಫೋನ್ ಆರಿಸುವುದು ಹೇಗೆ?

ನಮ್ಮ ಚಿಕ್ಕಮ್ಮನ ಫೋನ್ ಬಳಕೆ ಇಷ್ಟೇ: ದಿನಕ್ಕೆ ಐದಾರು ಕರೆ, ವಾಟ್ಸಾಪ್, ಮೊಮ್ಮಗಳ ಫೋಟೋ, ಅಪರೂಪಕ್ಕೆ ಮ್ಯಾಪ್. ಇಷ್ಟಕ್ಕೆ ಯಾವ ಫೋನ್ ಆದರೇನು ಅಂದುಕೊಂಡು, ಇದ್ದುದರಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ನಾನೇ ತೆಗೆದುಕೊಟ್ಟೆ. ಎಂಟು ತಿಂಗಳಾಗಿರಬೇಕು, ಒಂದು ಸಂಜೆ ಹೋದಾಗ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಫೋಟೋಗಳನ್ನು ಒಂದೊಂದಾಗಿ ಅಳಿಸುತ್ತಾ ಕೂತಿದ್ದರು. ಒಂದನ್ನು ಅಳಿಸುವುದು, ಹೊಸ ಫೋಟೋ ಇಳಿಯುತ್ತದಾ ಅಂತ ನೋಡುವುದು, ಮತ್ತೆ ‘ಜಾಗ ಸಾಲದು’ ಅಂತ ಬಂದರೆ ಇನ್ನೊಂದನ್ನು ಅಳಿಸುವುದು. ಯಾವುದನ್ನು ಇಟ್ಟುಕೊಳ್ಳಲಿ ಹೇಳು ಅಂತ ಎರಡು ಫೋಟೋ ನನ್ನ ಮುಂದೆ ಹಿಡಿದರು. ಎರಡರಲ್ಲೂ ಅದೇ ಮಗು, ಅದೇ ನಗು. ನನಗೆ ಮುಖ ಎತ್ತಲು ಆಗಲಿಲ್ಲ.

ನಾನು ಲೆಕ್ಕ ತಪ್ಪಿದ್ದು ಎಲ್ಲಿ ಅಂದರೆ, ಬಳಸುವವರು ಕಡಿಮೆ ಬಳಸಿದರೆ ಫೋನಿಗೂ ಕೆಲಸ ಕಡಿಮೆ ಅಂದುಕೊಂಡಿದ್ದೆ. ಹಾಗಲ್ಲ. ಐದು ನಿಮಿಷ ಬಳಸಿ, ಐದು ಗಂಟೆ ಬಳಸಿ, ಆ ಆಪ್ ತಿನ್ನುವ ಜಾಗ ಹೆಚ್ಚುಕಡಿಮೆ ಅಷ್ಟೇ, ಪ್ರತಿ ಅಪ್‌ಡೇಟ್‌ಗೂ ಅದು ಒಂದಿಷ್ಟು ದಪ್ಪ ಆಗುತ್ತಲೇ ಹೋಗುತ್ತದೆ. ಇನ್ನೊಂದು ಮಾತು, ಇದು ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ: ಕಡಿಮೆ ಬಳಸುವವರೇ ಒಂದು ಫೋನನ್ನು ಎಲ್ಲರಿಗಿಂತ ಜಾಸ್ತಿ ವರ್ಷ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಇವರಿಗೆ ವೇಗ ಬೇಡ, ಬಾಳಿಕೆ ಬೇಕು. ಕೆಳಗೆ ಬರೆದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ.

ಮೊದಲು: ನಿಮ್ಮ ಈಗಿನ ಫೋನನ್ನೇ ನೋಡಿ

ಅಂಗಡಿಗೆ ಹೋಗುವ ಮುಂಚೆ ಈಗಿರುವ ಫೋನಿನ ಸೆಟ್ಟಿಂಗ್ಸ್ ತೆರೆದು ಮೂರು ವಿಷಯ ಬರೆದುಕೊಳ್ಳಿ. ಕಳೆದ ತಿಂಗಳು ಮೊಬೈಲ್ ಡೇಟಾ ಎಷ್ಟು ಖರ್ಚಾಗಿದೆ, ವೈಫೈನದ್ದು ಬೇಡ, ಮೊಬೈಲ್‌ದು ಮಾತ್ರ. ಸ್ಟೋರೇಜ್ ಎಷ್ಟು ತುಂಬಿದೆ. ಡಿಜಿಟಲ್ ವೆಲ್‌ಬೀಯಿಂಗ್ ಅಥವಾ ಸ್ಕ್ರೀನ್ ಟೈಮ್ ಅಂತ ಇರುವ ಕಡೆ, ದಿನಕ್ಕೆ ಎಷ್ಟು ಹೊತ್ತು ಯಾವ ಆಪ್. ‘ನಾನು ಫೋನ್ ಬಳಸೋದೇ ಇಲ್ಲ’ ಅನ್ನುವವರ ಫೋನಿನಲ್ಲಿ ದಿನಕ್ಕೆ ಮೂರು ಗಂಟೆ ವಿಡಿಯೋ ಇರುವುದನ್ನು ನಾನು ನೋಡಿದ್ದೇನೆ. ನಾಚಿಕೆ ಏನಿಲ್ಲ, ಆದರೆ ಅವರಿಗೆ ಬೇಕಾದ ಫೋನ್ ಬೇರೆ, ಪ್ಲಾನ್ ಬೇರೆ.

ಡೇಟಾ ಲೆಕ್ಕ ಹಾಕುವುದು ಸುಲಭ. ಸೆಕೆಂಡಿಗೆ 96 ಕಿಲೋಬಿಟ್‌ನಲ್ಲಿ ಹಾಡು ಕೇಳಿದರೆ ಗಂಟೆಗೆ ಸುಮಾರು 43 ಎಂಬಿ ಹೋಗುತ್ತದೆ. ಸೆಕೆಂಡಿಗೆ 1 ಮೆಗಾಬಿಟ್‌ನ ಸಾಧಾರಣ ವಿಡಿಯೋ ನೋಡಿದರೆ ಗಂಟೆಗೆ 450 ಎಂಬಿ. ಅಂದರೆ ಒಂದು ಗಂಟೆಯ ವಿಡಿಯೋ ಹತ್ತು ಗಂಟೆಯ ಹಾಡಿಗೆ ಸಮ. ಬರೀ ಅಕ್ಷರದ ಮೆಸೇಜ್‌ಗಳು ಲೆಕ್ಕಕ್ಕೇ ಬರುವುದಿಲ್ಲ. ಮನೆಯಲ್ಲಿ ವೈಫೈ ಇದ್ದು, ಹೊರಗೆ ವಿಡಿಯೋ ನೋಡುವ ಅಭ್ಯಾಸ ಇಲ್ಲದಿದ್ದರೆ ತಿಂಗಳಿಗೆ 1 ಅಥವಾ 2 ಜಿಬಿ ಮುಗಿಸುವುದೇ ಕಷ್ಟ. ಇದು ಗೊತ್ತಿಲ್ಲದೆ ಸುಮ್ನೆ ದೊಡ್ಡ ಪ್ಲಾನ್ ಹಾಕಿಸಿಕೊಂಡು ವರ್ಷಗಟ್ಟಲೆ ದುಡ್ಡು ಸುರಿಯುವವರು ಬೇಕಾದಷ್ಟು ಜನ.

ಪ್ರೀಪೇಯ್ಡ್ ಅಂದರೆ ಕಾಂಟ್ರಾಕ್ಟ್ ಇಲ್ಲ, ಸರಿ. ಬೀಗ?

ಪ್ರೀಪೇಯ್ಡ್‌ನಲ್ಲಿ ದುಡ್ಡು ಮೊದಲು, ಸೇವೆ ಆಮೇಲೆ. ಎರಡು ವರ್ಷದ ಒಪ್ಪಂದ ಇಲ್ಲ, ತಿಂಗಳ ಕೊನೆಗೆ ಎದೆ ಒಡೆಯುವ ಬಿಲ್ ಇಲ್ಲ, ಬೇಡವಾದರೆ ಮುಂದಿನ ರೀಚಾರ್ಜ್ ಮಾಡದಿದ್ದರೆ ಮುಗಿಯಿತು. ಒಪ್ಪಂದದ ಜೊತೆ ‘ಉಚಿತ’ವಾಗಿ ಬರುವ ಫೋನಿನ ಬೆಲೆ ತಿಂಗಳ ಬಿಲ್ಲಿನಲ್ಲಿ ಅಡಗಿ ಕೂತಿರುತ್ತದೆ. ಜಾಸ್ತಿ ಬಳಸುವವರಿಗೆ ಅದು ಹೇಗೋ ಗಿಟ್ಟಬಹುದು, ಕಡಿಮೆ ಬಳಸುವವರಿಗೆ ಗಿಟ್ಟುವುದು ಕಷ್ಟ.

ನಿಮ್ಮ ಮುಂದೆ ಮೂರು ದಾರಿ ಇವೆ. ನೆಟ್‌ವರ್ಕ್ ಕಂಪನಿಯೇ ತನ್ನ ಹೆಸರಿನಲ್ಲಿ ಮಾರುವ ಪ್ರೀಪೇಯ್ಡ್ ಫೋನ್ ಒಂದು. ಬೀಗ ಇಲ್ಲದ, ಅಂದರೆ ಅನ್‌ಲಾಕ್ಡ್ ಫೋನನ್ನು ಬೇರೆ ಕೊಂಡು, ಸಿಮ್ ಬೇರೆ ಕೊಳ್ಳುವುದು ಇನ್ನೊಂದು. ಮೂರನೆಯದು ಮನೆಯ ಡ್ರಾಯರ್‌ನಲ್ಲಿ ಮಲಗಿರುವ ಹಳೆಯ ಫೋನಿಗೆ ಹೊಸ ಸಿಮ್ ಹಾಕುವುದು. ಈ ಮೂರನೆಯದನ್ನು ಯಾರೂ ನಿಮಗೆ ಹೇಳುವುದಿಲ್ಲ, ಅದರಲ್ಲಿ ಯಾರಿಗೂ ಲಾಭ ಇಲ್ಲವಲ್ಲ.

ಮೊದಲ ದಾರಿಯಲ್ಲಿ ಫೋನ್ ಅಗ್ಗವಾಗಿ ಕಾಣುವುದಕ್ಕೆ ಕಾರಣ ಬೀಗ. ಕಂಪನಿ ತನ್ನ ಜೇಬಿನಿಂದ ಒಂದಿಷ್ಟು ಹಾಕಿ ಬೆಲೆ ಇಳಿಸುತ್ತದೆ, ಅದಕ್ಕೆ ಪ್ರತಿಯಾಗಿ ಆ ಫೋನಿನಲ್ಲಿ ತನ್ನ ಸಿಮ್ ಬಿಟ್ಟು ಬೇರೆ ಸಿಮ್ ಓಡದಂತೆ ಮಾಡುತ್ತದೆ. ಕಾಂಟ್ರಾಕ್ಟ್ ಇಲ್ಲ ಅನ್ನುವುದಕ್ಕೂ ಲಾಕ್ ಇಲ್ಲ ಅನ್ನುವುದಕ್ಕೂ ಸಂಬಂಧವೇ ಇಲ್ಲ, ಎರಡೂ ಬೇರೆ ಬೇರೆ. ಇದು ನನಗೆ ತಿಳಿದದ್ದು ಹೀಗೆ: ಒಮ್ಮೆ ‘ಕಾಂಟ್ರಾಕ್ಟ್ ಇಲ್ಲ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ ಫೋನ್ ತಂದೆ. ಆರು ವಾರ ಆದ ಮೇಲೆ ಸಿಗ್ನಲ್ ಚೆನ್ನಾಗಿಲ್ಲ ಅಂತ ಬೇರೆ ಸಿಮ್ ಹಾಕಿದೆ. ಪರದೆಯ ಮೇಲೆ ಒಂದು ಸಣ್ಣ ಚೌಕ ಬಂತು, ‘ನೆಟ್‌ವರ್ಕ್ ಅನ್‌ಲಾಕ್ ಪಿನ್ ಹಾಕಿ’ ಅಂತ. ಅಂಥದ್ದೊಂದು ಪಿನ್ ನನ್ನ ಹತ್ತಿರ ಇರಲಿಲ್ಲ. ಫೋನ್ ಮಾಡಿ ಕೇಳಿದರೆ, ಇಷ್ಟು ತಿಂಗಳು ನಮ್ಮಲ್ಲೇ ರೀಚಾರ್ಜ್ ಮಾಡಿರಬೇಕು, ಆಮೇಲೆ ನೋಡೋಣ ಅಂದರು. ಷರತ್ತು ಡಬ್ಬದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು.

ಕೆಲವು ದೇಶಗಳಲ್ಲಿ ಈ ಗೋಳಿಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್‌ನಲ್ಲಿ 2021ರ ಡಿಸೆಂಬರ್‌ನಿಂದ ನೆಟ್‌ವರ್ಕ್ ಕಂಪನಿಗಳು ಬೀಗ ಹಾಕಿದ ಫೋನ್ ಮಾರುವಂತಿಲ್ಲ. ಅಮೆರಿಕದಲ್ಲಿ ಪ್ರೀಪೇಯ್ಡ್ ಫೋನಿಗೆ ಬೀಗ ಇರುವುದು ಇಂದಿಗೂ ಮಾಮೂಲು. ಹಾಗಾಗಿ ಕೊಳ್ಳುವ ಮುಂಚೆ ಎರಡೇ ಪ್ರಶ್ನೆ ಕೇಳಿ: ಲಾಕ್ ಇದೆಯಾ, ಇದ್ದರೆ ಎಷ್ಟು ದಿನಕ್ಕೆ ಯಾವ ಷರತ್ತಿನ ಮೇಲೆ ತೆಗೆಯುತ್ತೀರಿ? ಬಾಯಿಮಾತು ಬೇಡ, ಬರಹದಲ್ಲಿ ತೋರಿಸಲಿ. ಫೋನ್ ಈಗಾಗಲೇ ಕೈಯಲ್ಲಿದ್ದರೆ ಯಾರದಾದರೂ ಬೇರೆ ಕಂಪನಿಯ ಸಿಮ್ ಎರಡು ನಿಮಿಷ ಹಾಕಿ ನೋಡಿ, ಗೊತ್ತಾಗುತ್ತದೆ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್‌ಗೆ ಹೋದರೆ ಕ್ಯಾರಿಯರ್ ಲಾಕ್ ಅನ್ನುವ ಸಾಲಿನಲ್ಲೇ ಬರೆದಿರುತ್ತದೆ.

ಬೀಗ ಇರುವ ಫೋನ್ ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಆ ನೆಟ್‌ವರ್ಕ್ ನಿಮ್ಮ ಮನೆಯಲ್ಲಿ ಚೆನ್ನಾಗಿ ಸಿಗುತ್ತಿದೆ, ಅದೇ ಕಂಪನಿಯ ಸಣ್ಣ ಪ್ಲಾನ್ ನಿಮಗೆ ಸಾಕು, ಲಾಕ್ ಇಂಥ ದಿನ ಬಿಡುತ್ತದೆ ಅನ್ನುವುದು ಖಚಿತ, ಇಷ್ಟೂ ಇದ್ದರೆ ಅಗ್ಗದಲ್ಲಿ ಒಳ್ಳೆಯ ಫೋನ್ ಸಿಕ್ಕಂತೆಯೇ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬಿಟ್ಟುಬಿಡಿ.

ಸಿಗ್ನಲ್ ಸಿಗದ ಫೋನ್ ಎಷ್ಟು ಚೆಂದ ಇದ್ದರೇನು

ಯಾವ ನೆಟ್‌ವರ್ಕ್ ಅನ್ನುವುದನ್ನು ಫೋನಿಗಿಂತ ಮೊದಲು ತೀರ್ಮಾನ ಮಾಡಿ. ಕಂಪನಿಗಳ ಕವರೇಜ್ ನಕ್ಷೆ ನೋಡಿ ನಂಬಬೇಡಿ, ಅವು ಬಯಲಲ್ಲಿ ನಿಂತವನ ಲೆಕ್ಕ. ನಿಮ್ಮ ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ, ಕೆಲಸದ ಜಾಗದಲ್ಲಿ ಯಾರ ಸಿಮ್ ಕೆಲಸ ಮಾಡುತ್ತದೆ ಅನ್ನುವುದನ್ನು ಬಂದು ಹೋಗುವವರ ಫೋನಿನಲ್ಲೇ ನೋಡಬಹುದು. ಒಳಗೆ ಸಿಗ್ನಲ್ ಬರುವುದೇ ಇಲ್ಲ ಅನ್ನುವ ಮನೆಯಾದರೆ ವೈಫೈ ಕಾಲಿಂಗ್ ಇರುವ ಫೋನ್ ಮತ್ತು ಪ್ಲಾನ್ ಹುಡುಕಿ, ಕರೆಗಳು ಮನೆಯ ಇಂಟರ್‌ನೆಟ್ ಮೇಲೆಯೇ ಹೋಗುತ್ತವೆ.

ಆಮೇಲೆ ಬ್ಯಾಂಡ್, ಅಂದರೆ ನೆಟ್‌ವರ್ಕ್ ಸಿಗ್ನಲ್ ಕಳಿಸುವ ರೇಡಿಯೋ ಅಲೆಗಳ ಪಟ್ಟಿ. ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಬ್ಯಾಂಡ್‌ಗಳೊಂದಿಗೆ ಬರುತ್ತದೆ, ಹೊರಗಿಂದ ನೋಡಿದರೆ ಒಂದು ಕೂದಲಿನಷ್ಟೂ ವ್ಯತ್ಯಾಸ ಇರುವುದಿಲ್ಲ. 700, 800 ಮೆಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳು ದೂರಕ್ಕೆ ಹೋಗುತ್ತವೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತವೆ. ನಿಮ್ಮ ನೆಟ್‌ವರ್ಕ್ ಬಳಸುವ ಕೆಳಗಿನ ಬ್ಯಾಂಡ್ ಫೋನಿನಲ್ಲಿ ಇಲ್ಲದಿದ್ದರೆ ಪಕ್ಕದವರಿಗೆ ಸಿಗ್ನಲ್ ಇದ್ದು ನಿಮಗೆ ಇರುವುದಿಲ್ಲ. ಬೇರೆ ದೇಶದಿಂದ ತರಿಸಿದ ಫೋನ್, ಆನ್‌ಲೈನ್‌ನಲ್ಲಿ ಸಿಗುವ ಆಮದು ಮಾಲು, ಇವುಗಳಲ್ಲಿ ಈ ತೊಂದರೆ ಜಾಸ್ತಿ. ಡಬ್ಬದ ಮೇಲಿನ ಪೂರ್ತಿ ಮಾಡೆಲ್ ನಂಬರ್ ಹಿಡಿದು ಹುಡುಕಿ, ಬರೀ ಹೆಸರು ಹಿಡಿದಲ್ಲ.

ಇನ್ನೊಂದು ವೋಲ್ಟ್‌ಇ, ಅಂದರೆ ಕರೆಯೂ 4ಜಿ ಮೇಲೆಯೇ ಹೋಗುವ ವ್ಯವಸ್ಥೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಇದು ಇಲ್ಲದ ಫೋನಿಗೆ ಕರೆ ಮಾಡಲು 3ಜಿಯಂಥ ಹಳೆಯ ನೆಟ್‌ವರ್ಕೇ ಬೇಕು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಆಸ್ಟ್ರೇಲಿಯಾದಲ್ಲಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ ಕೊನೆಯಲ್ಲಿ 3ಜಿ ಮುಚ್ಚತೊಡಗಿದವು, ಅದಕ್ಕೆ ತಯಾರಿ ನಡೆಯುವಾಗಲೇ ಒಂದು ವಿಚಿತ್ರ ಬೆಳಕಿಗೆ ಬಂತು: ಕೆಲವು 4ಜಿ ಫೋನ್‌ಗಳು ಮಾಮೂಲಿ ಕರೆಗೆ 4ಜಿ ಬಳಸಿದರೂ ತುರ್ತು ಕರೆಗೆ ಮಾತ್ರ 3ಜಿಯನ್ನೇ ನೆಚ್ಚಿಕೊಂಡಿದ್ದವು. ಅಂಥ ಫೋನ್‌ಗಳನ್ನು ನೆಟ್‌ವರ್ಕ್‌ಗಳು ಪೂರ್ತಿ ತಡೆಹಿಡಿಯಬೇಕಾಯಿತು. ಡ್ರಾಯರ್‌ನಿಂದ ಹಳೆಯ ಫೋನ್ ತೆಗೆಯುವವರು ಇದನ್ನು ಮೊದಲು ನೋಡಬೇಕು. ಡಯಲ್ ಮಾಡುವ ಕಡೆ *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಬಹಳಷ್ಟು ನೆಟ್‌ವರ್ಕ್‌ಗಳ ಜಾಲತಾಣದಲ್ಲಿ ಆ ಅಂಕಿ ಹಾಕಿ ಈ ಫೋನ್ ನಡೆಯುತ್ತದಾ ಅಂತ ನೋಡಬಹುದು.

5ಜಿ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕರೆ, ಮೆಸೇಜ್, ಮ್ಯಾಪ್‌ಗೆ ಬೇಡ. ಬಂದರೆ ಬರಲಿ, ಅದಕ್ಕಾಗಿ ಜಾಸ್ತಿ ಕೊಡಬೇಡಿ.

ಫೋನಿನ ಒಳಗೆ: ಮೊದಲು ಜಾಗ, ಆಮೇಲೆ ಉಳಿದದ್ದು

ಚಿಕ್ಕಮ್ಮನ ಫೋನಿನಲ್ಲಿ 32 ಜಿಬಿ ಇತ್ತು. ಅದರಲ್ಲಿ ಆಂಡ್ರಾಯ್ಡ್ ಮತ್ತು ಕಂಪನಿ ಮೊದಲೇ ತುಂಬಿಟ್ಟ ಆಪ್‌ಗಳು ಅರ್ಧದಷ್ಟು ನುಂಗಿದ್ದವು. ಉಳಿದದ್ದರಲ್ಲಿ ವಾಟ್ಸಾಪ್ ಗುಂಪುಗಳ ಸುಪ್ರಭಾತದ ವಿಡಿಯೋಗಳು. ಮೆಮೊರಿ ಕಾರ್ಡ್ ಹಾಕಿದರೆ ಆಯಿತಲ್ಲ ಅನ್ನಬಹುದು, ನಾನೂ ಹಾಕಿದೆ. ಆದರೆ ಫೋಟೋ, ವಿಡಿಯೋ ಕಾರ್ಡಿಗೆ ಹೋಗುತ್ತವೆ, ಆಪ್‌ಗಳು ಬಹುತೇಕ ಒಳಗೇ ಕೂರುತ್ತವೆ. ಕೆಲವು ಫೋನ್‌ಗಳಲ್ಲಿ ಕಾರ್ಡಿನ ಜಾಗ ಮತ್ತು ಎರಡನೇ ಸಿಮ್‌ನ ಜಾಗ ಒಂದೇ, ಎರಡರಲ್ಲಿ ಒಂದನ್ನು ಬಿಡಬೇಕು. ಹಾಗಾಗಿ ಒಳಗಿನ ಸ್ಟೋರೇಜ್ ಕನಿಷ್ಠ 64 ಜಿಬಿ ಇರಲಿ, 128 ಸಿಕ್ಕರೆ ಎರಡು ಸಲ ಯೋಚಿಸಬೇಡಿ. ಬೇರೆ ಯಾವುದಕ್ಕೂ ಜಾಸ್ತಿ ಕೊಡಬೇಡಿ ಅನ್ನುವ ನಾನು ಇದೊಂದಕ್ಕೆ ಕೊಡಿ ಅನ್ನುತ್ತೇನೆ.

ರ‍್ಯಾಮ್ 4 ಜಿಬಿ ಇರಲಿ, ತೆರೆದ ಆಪ್‌ಗಳು ಓಡುವುದು ಅದರಲ್ಲೇ. ಕಡಿಮೆ ಶಕ್ತಿಯ ಫೋನ್‌ಗಳಿಗೆಂದೇ ಗೂಗಲ್ ಮಾಡಿದ ಆಂಡ್ರಾಯ್ಡ್ ಗೋ ಶುರುವಿನಲ್ಲಿ 1 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇರುವವಕ್ಕೆ ಅಂತ ಇತ್ತು. ಆಂಡ್ರಾಯ್ಡ್ 13 ಬರುವ ಹೊತ್ತಿಗೆ ಅದಕ್ಕೇ ಕನಿಷ್ಠ 2 ಜಿಬಿ ಬೇಕಾಯಿತು. ಇವತ್ತು ಎರಡರಲ್ಲಿ ಏದುಸಿರು ಬಿಡುತ್ತಾ ಓಡುವ ಫೋನ್ ಮೂರು ವರ್ಷದ ಮೇಲೆ ಏನಾಗುತ್ತದೆ ಅನ್ನುವುದನ್ನು ಇದರಿಂದಲೇ ಊಹಿಸಬಹುದು.

ಇಲ್ಲೊಂದು ಆಟ ಇದೆ, ಎಚ್ಚರ. ಡಬ್ಬದ ಮೇಲೆ ‘8 ಜಿಬಿ’ ಅಂತ ದೊಡ್ಡದಾಗಿ, ಪಕ್ಕದಲ್ಲಿ ಚಿಕ್ಕದಾಗಿ ‘4+4’ ಅಂತ ಇರುತ್ತದೆ. ಎರಡನೇ 4 ರ‍್ಯಾಮ್ ಅಲ್ಲವೇ ಅಲ್ಲ. ಸ್ಟೋರೇಜ್‌ನ ಒಂದು ತುಂಡನ್ನು ರ‍್ಯಾಮ್ ಥರ ಬಳಸುತ್ತಾರೆ, ಅದಕ್ಕೆ ವರ್ಚುವಲ್ ರ‍್ಯಾಮ್ ಅಂತ ಹೆಸರು. ಅಗ್ಗದ ಫೋನಿನಲ್ಲಿ ಆ ಸ್ಟೋರೇಜ್ ಇಎಂಎಂಸಿ ಅನ್ನುವ ಜಾತಿಯದ್ದಾಗಿರುವುದೇ ಹೆಚ್ಚು. ಅದು ಒಂಟಿ ಹಾದಿಯ ಸೇತುವೆ ಇದ್ದಂತೆ: ಓದುವಾಗ ಬರೆಯುವುದಿಲ್ಲ, ಬರೆಯುವಾಗ ಓದುವುದಿಲ್ಲ. ಯುಎಫ್‌ಎಸ್ ಅನ್ನುವುದು ಎರಡೂ ಕಡೆ ಏಕಕಾಲಕ್ಕೆ ಓಡುವ ರಸ್ತೆ. ಒಂದು ಆಪ್ ಅಪ್‌ಡೇಟ್ ಆಗುತ್ತಿರುವಾಗ ಕರೆ ಬಂದು, ಹಸಿರು ಗುಂಡಿ ಎಳೆದರೂ ಎಳೆದರೂ ಫೋನ್ ಏಳದೆ, ಅಷ್ಟರಲ್ಲಿ ಕರೆಯೇ ಕಟ್ಟಾಗುತ್ತದಲ್ಲ, ಅಂಥ ಕಡೆ ಈ ಒಂಟಿ ಸೇತುವೆಯ ಪಾಲು ದೊಡ್ಡದು. ಒಂದೇ ಬೆಲೆಗೆ ಎರಡು ಫೋನ್ ಇದ್ದರೆ ಯುಎಫ್‌ಎಸ್ ಇರುವುದನ್ನು ತೆಗೆದುಕೊಳ್ಳಿ, ಪ್ರೊಸೆಸರ್ ಹೆಸರು ನೋಡುತ್ತಾ ತಲೆ ಕೆಡಿಸಿಕೊಳ್ಳಬೇಡಿ.

ಕ್ಯಾಮೆರಾ ಬಗ್ಗೆ ಎರಡೇ ಮಾತು. 50 ಮೆಗಾಪಿಕ್ಸೆಲ್ ಅಂತ ಇರುವ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್‌ನ ಫೋಟೋ ಕೊಡುತ್ತದೆ. ಪಕ್ಕದಲ್ಲಿರುವ 2 ಮೆಗಾಪಿಕ್ಸೆಲ್‌ನ ಎರಡು ಕಣ್ಣು ಹೆಚ್ಚಾಗಿ ಅಲಂಕಾರಕ್ಕೆ.

ಪರದೆಯಲ್ಲಿ ಅಂಕಿ ಅಂಶಕ್ಕಿಂತ ಬಿಸಿಲಿನಲ್ಲಿ ಓದಲು ಆಗುತ್ತದಾ ಅನ್ನುವುದೇ ಮುಖ್ಯ. ಸಾಧ್ಯವಾದರೆ ಕೈಗೆ ತೆಗೆದುಕೊಂಡು ಹೊರಗೆ ನಡೆಯಿರಿ, ಅಕ್ಷರದ ಗಾತ್ರ ದೊಡ್ಡದು ಮಾಡಿ ನೋಡಿ. ವಯಸ್ಸಾದವರಿಗೆ ಕೊಳ್ಳುವುದಾದರೆ ಅವರ ಕೈಯಲ್ಲೇ ಕೊಟ್ಟು ಒಂದು ಕರೆ ಮಾಡಿಸಿ: ಕಿವಿಗೆ ಹಿಡಿದಾಗ ದನಿ ಸಾಕಾ, ರಿಂಗ್ ಪಕ್ಕದ ಕೋಣೆಗೆ ಕೇಳುತ್ತದಾ, ಬೆರಳಚ್ಚು ಗುರುತಿಸುತ್ತದಾ. ವಯಸ್ಸಾದ, ಒಣಗಿದ ಬೆರಳುಗಳನ್ನು ಎಷ್ಟೋ ಸೆನ್ಸರ್‌ಗಳು ಹಿಡಿಯುವುದೇ ಇಲ್ಲ, ದಿನಕ್ಕೆ ಹತ್ತು ಸಲ ಬೇಜಾರು. ಈ ಪರೀಕ್ಷೆ ಯಾವ ವಿಮರ್ಶೆ ವಿಡಿಯೋದಲ್ಲೂ ಬರುವುದಿಲ್ಲ.

ನೀರಿನ ವಿಷಯಕ್ಕೆ ಐಪಿ ಅಂಕಿ ನೋಡಿ, ಫೋನ್ ಎಷ್ಟು ಧೂಳು, ನೀರು ತಡೆಯುತ್ತದೆ ಅಂತ ಹೇಳುವ ಅಂಕಿ ಅದು. ಐಪಿ54 ಅಂದರೆ ಎರಚಿದ ನೀರು ತಡೆಯುತ್ತದೆ ಅಷ್ಟೇ. ಐಪಿ67 ಆದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ. ಏನೂ ಬರೆದಿಲ್ಲದಿದ್ದರೆ ಏನೂ ಇಲ್ಲ.

ವರ್ಷದ ಲೆಕ್ಕ

ಫೋನ್ ಆನ್ ಆಗುತ್ತಿದ್ದರೂ ಅದರ ಆಯಸ್ಸು ಮುಗಿದಿರಬಹುದು. ಭದ್ರತಾ ಅಪ್‌ಡೇಟ್ ನಿಂತ ಮೇಲೆ ಹೊಸದಾಗಿ ಸಿಕ್ಕ ತೂತುಗಳನ್ನು ಮುಚ್ಚುವವರಿಲ್ಲ, ನಿಧಾನಕ್ಕೆ ಆಪ್‌ಗಳೂ ಕೈ ಬಿಡುತ್ತವೆ. 2025ರ ಆರಂಭದಲ್ಲಿ ವಾಟ್ಸಾಪ್‌ಗೆ ಕನಿಷ್ಠ ಆಂಡ್ರಾಯ್ಡ್ 5 ಬೇಕಾಯಿತು, ಅದಕ್ಕಿಂತ ಹಳೆಯ ಫೋನ್ ಎಷ್ಟು ಗಟ್ಟಿಮುಟ್ಟಾಗಿದ್ದರೂ ಅಲ್ಲಿಗೆ ಮುಗಿಯಿತು.

ಗೂಗಲ್ 2023ರಲ್ಲಿ ತನ್ನ ಪಿಕ್ಸೆಲ್ 8 ಫೋನಿಗೆ ಏಳು ವರ್ಷದ ಅಪ್‌ಡೇಟ್ ಕೊಡುತ್ತೇನೆ ಅಂದಿತು. ದುಬಾರಿ ಫೋನಿಗೆ ಅದು ಸಹಜ ಅನ್ನಬಹುದು, ಆದರೆ 2024ರಲ್ಲಿ ಸ್ಯಾಮ್‌ಸಂಗ್ ತನ್ನ ಕೆಳಗಿನ ಸಾಲಿನ ಗ್ಯಾಲಕ್ಸಿ ಎ16ಕ್ಕೂ ಆರು ವರ್ಷ ಅಂದಿತು. ಕಡಿಮೆ ಬಳಸುವವರಿಗೆ ಇದು ನಿಜವಾದ ಸುದ್ದಿ. ಯಾಕೆಂದರೆ ಅಷ್ಟೇ ಅಗ್ಗದ ಎಷ್ಟೋ ಫೋನ್‌ಗಳಿಗೆ ಎರಡು ಮೂರು ವರ್ಷ ಸಿಕ್ಕರೆ ದೊಡ್ಡದು. ಎಲ್ಲಕ್ಕಿಂತ ಮುಖ್ಯ, ಈ ವರ್ಷಗಳು ನೀವು ಕೊಂಡ ದಿನದಿಂದಲ್ಲ, ಆ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ. ಎರಡು ವರ್ಷ ಹಳೆಯ ಮಾಡೆಲ್ ಅರ್ಧ ಬೆಲೆಗೆ ಸಿಕ್ಕಿತು ಅಂತ ಕುಣಿಯುವ ಮುಂಚೆ ಉಳಿದ ವರ್ಷ ಎಷ್ಟು ಅಂತ ಕಳೆದು ನೋಡಿ. ಬೆಲೆಯನ್ನು ಉಳಿದ ವರ್ಷದಿಂದ ಭಾಗಿಸಿ. ಎರಡು ವರ್ಷ ಉಳಿದ ಅಗ್ಗದ ಫೋನಿಗಿಂತ, ಅದರ ಎರಡರಷ್ಟು ಬೆಲೆಯ, ಆದರೆ ಆರು ವರ್ಷ ಉಳಿದ ಫೋನ್ ವರ್ಷದ ಲೆಕ್ಕದಲ್ಲಿ ಅಗ್ಗ, ಅಲ್ವಾ?

ಅಂಗಡಿಯಲ್ಲಿಟ್ಟ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಪ್ಯಾಚ್’ ಅಥವಾ ‘ಸೆಕ್ಯುರಿಟಿ ಅಪ್‌ಡೇಟ್’ ಅಂತ ಹುಡುಕಿದರೆ ಒಂದು ದಿನಾಂಕ ಬರುತ್ತದೆ. ಅದು ಒಂದೂವರೆ ವರ್ಷದ ಹಿಂದಿನದಾಗಿದ್ದು, ಅಪ್‌ಡೇಟ್ ಹುಡುಕು ಅಂದರೂ ಏನೂ ಸಿಗದಿದ್ದರೆ ಕಂಪನಿ ಎಷ್ಟು ಮಾತು ಉಳಿಸಿಕೊಳ್ಳುತ್ತದೆ ಅನ್ನುವುದು ಅಲ್ಲೇ ಗೊತ್ತಾಯಿತು.

ಬ್ಯಾಟರಿಗೂ ವಯಸ್ಸಿದೆ. ಸುಮ್ನೆ ಇಟ್ಟರೂ ಲಿಥಿಯಂ ಬ್ಯಾಟರಿ ಸವೆಯುತ್ತದೆ, ಬಿಸಿ ಜಾಗದಲ್ಲಿ ಪೂರ್ತಿ ಚಾರ್ಜ್ ಮಾಡಿಟ್ಟರೆ ಇನ್ನೂ ಬೇಗ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ಹೊಸ ನಿಯಮ ತಂದಿದೆ: 800 ಸಲ ತುಂಬಿ ಖಾಲಿ ಮಾಡಿದ ಮೇಲೂ ಬ್ಯಾಟರಿಯಲ್ಲಿ 80 ಶೇಕಡಾ ಶಕ್ತಿ ಉಳಿಯಬೇಕು, ಮಾಡೆಲ್ ಮಾರಾಟ ನಿಂತು 7 ವರ್ಷದವರೆಗೆ ಮುಖ್ಯ ಬಿಡಿಭಾಗ ಸಿಗಬೇಕು. ಅಲ್ಲಿ ಫೋನಿನ ಜೊತೆ ಒಂದು ಲೇಬಲ್ ಕೊಡುತ್ತಾರೆ, ಅದರಲ್ಲಿ ಬ್ಯಾಟರಿ ಎಷ್ಟು ಸಲ ತಾಳುತ್ತದೆ, ಬಿದ್ದರೆ ಏನಾಗುತ್ತದೆ, ರಿಪೇರಿ ಎಷ್ಟು ಸುಲಭ ಎಲ್ಲ ಇರುತ್ತದೆ. ನೀವು ಎಲ್ಲೇ ಇರಿ, ನಿಮ್ಮ ಮಾಡೆಲ್ ಅಲ್ಲೂ ಮಾರಾಟಕ್ಕಿದ್ದರೆ ಆ ಲೇಬಲ್ ಹುಡುಕಿ ಓದಬಹುದು. ಪುಕ್ಕಟೆ ಮಾಹಿತಿ.

ಹಳೆಯ ಫೋನ್ ಕೊಳ್ಳುವುದಾದರೆ

ಕೊಳ್ಳಬಹುದು, ನಾನೇ ಕೊಂಡಿದ್ದೇನೆ. ಆದರೆ ಮಾರುವವರ ಎದುರಿಗೇ ಫ್ಯಾಕ್ಟರಿ ರೀಸೆಟ್ ಮಾಡಿಸಿ, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿಸಿ, ಅದು ಮತ್ತೆ ಎದ್ದು ಬಂದು ಹೊಸ ಖಾತೆ ಕೇಳುವವರೆಗೂ ಅಲ್ಲೇ ನಿಲ್ಲಿ. 2015ರ ಆಂಡ್ರಾಯ್ಡ್ 5.1ರಿಂದ ಒಂದು ರಕ್ಷಣೆ ಇದೆ, ಹಳೆಯ ಗೂಗಲ್ ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಆ ಖಾತೆಯ ಪಾಸ್‌ವರ್ಡ್‌ಗೇ ಹಟ ಹಿಡಿಯುತ್ತದೆ. ಐಫೋನ್‌ನಲ್ಲಿ ಆಕ್ಟಿವೇಶನ್ ಲಾಕ್ ಅಂತ. ಕದ್ದ ಫೋನ್ ಅಲ್ಲ ಅನ್ನುವುದಕ್ಕೂ ಇದೇ ಒಳ್ಳೆಯ ಪರೀಕ್ಷೆ. ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡದೆ ದುಡ್ಡು ಕೊಡಬೇಡಿ.

ಪ್ಲಾನ್: ವ್ಯಾಲಿಡಿಟಿಯೇ ಬೆಲೆ

ಕಡಿಮೆ ಬಳಸುವವರು ನಿಜವಾಗಿ ದುಡ್ಡು ಕೊಡುವುದು ನಿಮಿಷಕ್ಕಲ್ಲ, ಡೇಟಾಗಲ್ಲ, ನಂಬರ್ ಜೀವಂತ ಇರುವುದಕ್ಕೆ. ಹಾಗಾಗಿ ಪ್ರತಿ ಪ್ಲಾನ್‌ನ ಬೆಲೆಯನ್ನು ಅದರ ದಿನಗಳಿಂದ ಭಾಗಿಸಿ 365ರಿಂದ ಗುಣಿಸಿ. 28 ದಿನದ ಪ್ಲಾನ್ ವರ್ಷಕ್ಕೆ 12 ಸಲ ಅಲ್ಲ, 13 ಸಲ ಬರುತ್ತದೆ. ವರ್ಷದ ಪ್ಲಾನ್ ಎಷ್ಟೋ ಸಲ ಅಗ್ಗ, ಆದರೆ ಹೊಸ ನೆಟ್‌ವರ್ಕ್‌ಗೆ ಮೊದಲ ತಿಂಗಳೇ ವರ್ಷದ ದುಡ್ಡು ಕಟ್ಟಬೇಡಿ. ಒಂದು ತಿಂಗಳು ಬಳಸಿ ನೋಡಿ, ಆಮೇಲೆ ಕಟ್ಟಿ.

ಕೇಳಬೇಕಾದ ಪ್ರಶ್ನೆಗಳು: ಉಳಿದ ಡೇಟಾ ಮುಂದಿನ ತಿಂಗಳಿಗೆ ಹೋಗುತ್ತದಾ? ಡೇಟಾ ಮುಗಿದರೆ ನಿಲ್ಲುತ್ತದಾ, ನಿಧಾನ ಆಗುತ್ತದಾ, ಇಲ್ಲಾ ಬ್ಯಾಲೆನ್ಸ್ ನುಂಗುತ್ತದಾ? ರೀಚಾರ್ಜ್ ಮರೆತರೆ ಎಷ್ಟು ದಿನದ ಮೇಲೆ ನಂಬರ್ ಹೋಗುತ್ತದೆ? ಈ ಕೊನೆಯದು ಎಲ್ಲಕ್ಕಿಂತ ದೊಡ್ಡದು. ಹೋದ ನಂಬರನ್ನು ಕಂಪನಿ ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತದೆ, ನಿಮ್ಮ ಬ್ಯಾಂಕಿನ ಒಟಿಪಿ ಅವರಿಗೆ ಹೋಗುತ್ತದೆ. ಡ್ರಾಯರ್‌ನಲ್ಲಿ ‘ತುರ್ತಿಗೆ ಇರಲಿ’ ಅಂತ ಇಟ್ಟ ಫೋನ್‌ಗಳ ಗತಿ ಹೆಚ್ಚಾಗಿ ಇದೇ. ಕ್ಯಾಲೆಂಡರ್‌ನಲ್ಲಿ ವ್ಯಾಲಿಡಿಟಿ ಮುಗಿಯುವ ಐದು ದಿನ ಮುಂಚೆಗೆ ಒಂದು ಅಲಾರಂ ಇಡಿ.

ಹಳೆಯ ನಂಬರನ್ನೇ ಹೊಸ ಕಂಪನಿಗೆ ತರುವುದಾದರೆ ಅದು ಪೂರ್ತಿ ಬಂದು ಸೇರುವವರೆಗೆ ಹಳೆಯ ಸಿಮ್ ನಿಲ್ಲಿಸಬೇಡಿ. ನಿಲ್ಲಿಸಿದರೆ ತರಲು ನಂಬರೇ ಇರುವುದಿಲ್ಲ.

ಇ-ಸಿಮ್, ಅಂದರೆ ಫೋನಿನ ಒಳಗೇ ಕೂರಿಸಿರುವ ಸಿಮ್, ಅದರ ಬಗ್ಗೆ ನನ್ನದೊಂದು ಹಳೇ ಕಾಲದ ಅಭಿಪ್ರಾಯ ಇದೆ. ಫೋನ್ ಬಿದ್ದು ಒಡೆದ ದಿನ ಪ್ಲಾಸ್ಟಿಕ್ ಸಿಮ್ ಆದರೆ ಒಂದು ಪಿನ್ನು ಚುಚ್ಚಿ ತೆಗೆದು ಮನೆಯಲ್ಲಿರುವ ಇನ್ನೊಂದು ಫೋನಿಗೆ ಹಾಕಬಹುದು, ಇ-ಸಿಮ್ ಆದರೆ ಒಡೆದ ಪರದೆಯ ಹಿಂದೆ ಸಿಕ್ಕಿಕೊಂಡಿರುತ್ತದೆ. ತಾಂತ್ರಿಕ ವಿಷಯ ಇಷ್ಟಪಡದವರಿಗೆ ಕೈಗೆ ಸಿಗುವ ಸಿಮ್ಮೇ ವಾಸಿ.

ತಂದ ಮೇಲೆ ಮೊದಲ ಒಂದು ಗಂಟೆ

ವಾಪಸ್ ಕೊಡುವ ಗಡುವು ಎಂದು ಅಂತ ಬಿಲ್ಲಿನ ಮೇಲೆಯೇ ಬರೆದುಕೊಳ್ಳಿ. ಸಿಮ್ ಹಾಕಿ ಒಂದು ಕರೆ ಮಾಡಿ, ಒಂದು ಕರೆ ತರಿಸಿಕೊಳ್ಳಿ. ಕರೆಯಲ್ಲಿರುವಾಗ ಮೇಲೆ 4ಜಿ ಅಥವಾ ವೋಲ್ಟ್‌ಇ ಗುರುತು ಉಳಿಯುತ್ತದಾ ನೋಡಿ. ವೈಫೈಗೆ ಸೇರಿಸಿ ಬಂದಷ್ಟೂ ಅಪ್‌ಡೇಟ್ ಮುಗಿಸಿ. ಕಂಪನಿ ತುಂಬಿಟ್ಟ ಆಟ, ಸುದ್ದಿ, ಶಾಪಿಂಗ್ ಆಪ್‌ಗಳನ್ನು ಕಿತ್ತು ಹಾಕಿ. ಕೀಳಲು ಬಿಡದವನ್ನು ‘ಡಿಸೇಬಲ್’ ಮಾಡಿ. ವಾಟ್ಸಾಪ್‌ನಲ್ಲಿ ಸ್ಟೋರೇಜ್ ಮತ್ತು ಡೇಟಾ ಅನ್ನುವ ಕಡೆ ಹೋಗಿ ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಮೊಬೈಲ್ ಡೇಟಾಗೆ ತಿಂಗಳ ಮಿತಿ ಹಾಕಿ, ಡೇಟಾ ಸೇವರ್ ಆನ್ ಮಾಡಿ. ಫೋಟೋಗಳ ಬ್ಯಾಕಪ್ ವೈಫೈ ಇದ್ದಾಗ ಮಾತ್ರ ಆಗಲಿ.

ಸಿಮ್ ಅಂಟಿಕೊಂಡು ಬಂದ ಕಾರ್ಡನ್ನು ಎಸೆಯಬೇಡಿ. ಅದರ ಮೇಲೆ ಪಿಯುಕೆ ಸಂಖ್ಯೆ ಮುದ್ರಿಸಿರುತ್ತಾರೆ. ಸಿಮ್ ಪಿನ್ ಮೂರು ಸಲ ತಪ್ಪಾದರೆ ಆ ಸಂಖ್ಯೆ ಕೇಳುತ್ತದೆ, ಅದೂ ಹತ್ತು ಸಲ ತಪ್ಪಾದರೆ ಸಿಮ್ ಶಾಶ್ವತವಾಗಿ ಸತ್ತ ಹಾಗೆ. ಚಿಕ್ಕಮ್ಮನ ಈಗಿನ ಫೋನಿನ ಕಾರ್ಡ್, ಬಿಲ್ಲು, ಐಎಂಇಐ ಬರೆದ ಚೀಟಿ ಮೂರನ್ನೂ ಡಬ್ಬದ ಒಳಗಿಟ್ಟು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ. ಅವರು ಡಬ್ಬದ ಮೇಲೆ ಪೆನ್ನಿನಲ್ಲಿ ‘ಮುಟ್ಟಬೇಡಿ’ ಅಂತ ಬರೆದಿದ್ದಾರೆ. 128 ಜಿಬಿಯಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ, ಅದೇ ನಗುವಿನ ಫೋಟೋಗಳು ನಾನೂರೋ ಐನೂರೋ ಇವೆ.